ಲ್ಯಾಪ್‌ಟಾಪಿನ ತನಿ ಆವರ್ತನ

ಮನುಷ್ಯನಿಗೆ ಸ್ವಲ್ಪ ಜಂಬ ಇರಬೇಕು. ಇಲ್ಲದಿದ್ದರೆ ಸರಸ್ವತಿಪುರಂನ ಮನೆಯಲ್ಲಿ ಕೂತು, ಜನ್ಮದಲ್ಲಿ ಮೃದಂಗ ಮುಟ್ಟದ ನನ್ನಂಥವನು ಮೃದಂಗ ವಿದ್ವಾಂಸನಾಗಲು ಹೊರಡುವುದುಂಟೇ? ಹೊರಟೆ, ಆಗಿಯೂ ಬಿಟ್ಟೆ. ಹೇಗೆಂದು ಕೇಳಿ.

ನನ್ನ ಹೆಂಡತಿ ಸುಮತಿಗೆ ಮದುವೆಯಾದ ಮೇಲೆ ಮೊದಲ ಸಲ ಕಚೇರಿ ಸಿಕ್ಕಿತ್ತು, ಕೃಷ್ಣಮೂರ್ತಿಪುರಂನ ರಾಮೋತ್ಸವದಲ್ಲಿ. ಇಷ್ಟು ವರ್ಷ ಅವಳ ಹಾಡಿಗೆ ಶ್ರೋತೃಗಳೆಂದರೆ ನಾನು ಮತ್ತು ಕುಕ್ಕರ್. ಪಿಟೀಲಿಗೆ ಅವಳ ಗೆಳತಿ ಬರುತ್ತೇನೆಂದಳು. ಮೃದಂಗದವರು ಮಾತ್ರ ಕೈಕೊಟ್ಟರು. ರಾಮೋತ್ಸವದ ದಿನಗಳಲ್ಲಿ ಬೇರೆಯವರು ಎಲ್ಲಿ ಸಿಗಬೇಕು? ಸುಮತಿಯ ಮುಖ ಬಾಡಿತು. ನನಗೆ ನೋಡಲಾಗಲಿಲ್ಲ.

"ಕಂಪ್ಯೂಟರಿನಲ್ಲಿ ಮೃದಂಗ ಇದೆ ಕಣೇ. ನಾನಿದ್ದೀನಿ" ಎಂದೆ.

"ನೀವಿರೋದೇ ನಂಗೆ ಭಯ ಕಣ್ರೀ. ತಗಡಿನ ಡಬ್ಬ ಬಡಿದಂಗೆ ಕೇಳಿಸಿದ್ರೆ ನಾನು ವೇದಿಕೆ ಹತ್ತಲ್ಲ, ಈಗ್ಲೇ ಹೇಳ್ಬುಟ್ಟಿದೀನಿ" ಎಂದಳು.

ಪಕ್ಕವಾದ್ಯದ ತಂತ್ರಾಂಶ ಹಾಕಿಕೊಂಡು, ಆದಿತಾಳ ಆರಿಸಿ ಗುಂಡಿ ಒತ್ತಿದೆ. ಅಡುಗೆಮನೆಯಿಂದ ಕೂಗು ಬಂತು: "ರೀ, ಯಾರೋ ಆಗಿಂದ ಬಾಗ್ಲು ತಟ್ತಾ ಇದಾರೆ, ನೋಡಬಾರ್ದಾ?" ನಾನೂ ಎದ್ದು ಹೋಗಿ ಬಾಗಿಲು ತೆಗೆದು ನೋಡಿ ಬಂದೆ!

ಪ್ರತಿ ಪೆಟ್ಟೂ ಒಂದೇ ಸಮ ಬೀಳುತ್ತಿತ್ತು. ಮನುಷ್ಯ ಹಾಗೆ ನುಡಿಸುತ್ತಾನೆಯೇ? ಒಂದನ್ನು ಜೋರು ಮಾಡಿದೆ, ಇನ್ನೊಂದನ್ನು ಮೆತ್ತಗೆ. ಕೆಲವನ್ನು ಕೂದಲೆಳೆಯಷ್ಟು ತಡಮಾಡಿದೆ. ಎಡಗೈಯ ಗುಂಕಾರಕ್ಕೆ ಬೇರೆ ಧ್ವನಿ ಹುಡುಕಿದೆ. ಹಾಡುಗಳ ನಡುವೆ, ವಿದ್ವಾಂಸರು ಕಲ್ಲಿನಿಂದ ಟಕ್ ಟಕ್ ಎಂದು ಶ್ರುತಿ ಸರಿಮಾಡುವ ಸದ್ದನ್ನೂ ಸೇರಿಸಿದೆ. ಯಂತ್ರಕ್ಕೆ ಶ್ರುತಿ ಇಳಿಯುವುದಿಲ್ಲ, ನಿಜ. ಆದರೆ ಆ ಟಕ್ ಟಕ್ ಇಲ್ಲದೆ ಕಚೇರಿಗೆ ಕಳೆ ಎಲ್ಲಿಯದು? ಸುಮತಿ ಅದರ ಜೊತೆ ಹಾಡಿ ಹಾಡಿ ಅಭ್ಯಾಸ ಮಾಡಿದಳು. ಬೈಯಲಿಲ್ಲ. ಅವಳ ಬಾಯಲ್ಲಿ ಅದು ಹೊಗಳಿಕೆ.

ಕೊನೆಗೆ ತನಿ ಆವರ್ತನವೂ ಬೇಕೆಂದು ಹಟ ಹಿಡಿದೆ. ಹಾಡುವವರು ಸುಮ್ಮನಾಗಿ ತಾಳ ಹಾಕುತ್ತ ಕೂರುವ, ಮೃದಂಗ ಒಂದೇ ಮೆರೆಯುವ ಹೊತ್ತು ಅದು. ನಮ್ಮ ರಸಿಕರು ಸರಿಯಾಗಿ ಆಗಲೇ ಎದ್ದು ಕಾಫಿಗೆ ಹೋಗುತ್ತಾರೆ. ಪಾಪ, ಆ ವಿದ್ವಾಂಸರಿಗಾಗಿ ನಾನು ಕಾಫಿ ಕುಡಿಯುತ್ತ ಎಷ್ಟೋ ಸಲ ಮರುಗಿದ್ದೇನೆ.

ಕಚೇರಿಯ ದಿನ ಜಮಖಾನದ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ ಜರಿಪಂಚೆಯಲ್ಲಿ ನಾನು. ಸುಮತಿ ಎಷ್ಟು ಚೆನ್ನಾಗಿ ಹಾಡಿದಳೆಂದರೆ ನನ್ನ ಕಣ್ಣು ಒದ್ದೆಯಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು ತಲೆದೂಗಿ, "ಭೇಷ್! ಮೃದಂಗಕ್ಕೆ ಎಂಥಾ ಕೈ ರೀ!" ಎಂದರು. ನಾನು ನನ್ನ ಕೈ ನೋಡಿಕೊಂಡೆ.

ತನಿ ಶುರುವಾಯಿತು. ಪೆಟ್ಟಿಗೆಯೊಂದು ಮೃದಂಗ ನುಡಿಸುತ್ತಿದೆಯಲ್ಲಾ ಎಂದು ಜನ ಬಾಯಿಬಿಟ್ಟುಕೊಂಡು ಕೂತರೆ ನಾನು ಸೋತಂತೆ. ಒಬ್ಬರೂ ಕೂರಲಿಲ್ಲ! ಕುರ್ಚಿ ಸರಿಸಿ, ಶಲ್ಯ ಕೊಡವಿ, ಒಬ್ಬೊಬ್ಬರಾಗಿ ಕಾಫಿ ಮೇಜಿನ ಕಡೆ ಬಂದೇಬಿಟ್ಟರು. ಅಪ್ಪಟ ಮೃದಂಗಕ್ಕಷ್ಟೇ ಸಲ್ಲುವ ಮರ್ಯಾದೆ ನನ್ನ ಮೃದಂಗಕ್ಕೂ ಸಂದಿತ್ತು. ಅಂಥ ಹೆಮ್ಮೆ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮಂಗಳ ಹಾಡಿ, ಹಾರ ಹಾಕಿಸಿಕೊಂಡು ಸುಮತಿ ನನ್ನ ಹತ್ತಿರ ಬಂದಳು.

"ಒಪ್ಕೊಂಡೆ ಕಣ್ರೀ, ಥೇಟ್ ಮೃದಂಗವೇ. ತನಿ ಶುರುವಾಗಿದ್ದೇ ತಡ, ಎಲ್ರಿಗಿಂತ ಮೊದಲು ಕಾಫಿಗೆ ಎದ್ದೋರು ನೀವೇ ಅಲ್ವಾ?"

ಇಲ್ಲ ಎನ್ನೋಣವೆಂದರೆ, ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.