ಬೇಯಿಸಿದ ಗೋಡೆ

ಮದುವೆಯಾಗಿ ಹದಿನೆಂಟು ವರ್ಷವಾದರೂ ನಮ್ಮ ಅತ್ತೆ ಮಹಾಂತಮ್ಮನವರು ನನ್ನ ಯಾವ ಕೆಲಸವನ್ನೂ ನೋಡಿ 'ಚೆನ್ನಾಗಿದೆ' ಎಂದವರಲ್ಲ. ವಕೀಲಿ ಪರೀಕ್ಷೆ ಪಾಸು ಮಾಡಿದಾಗ 'ಹೂಂ' ಎಂದರು. ದುರ್ಗಿಗುಡಿಯಲ್ಲಿ ಮನೆ ಮಾಡಿದಾಗ 'ಗಾಳಿ ಕಮ್ಮಿ' ಎಂದರು. ಮಗ ಹುಟ್ಟಿದಾಗ ತೊಟ್ಟಿಲಿಗೆ ಬಗ್ಗಿ, 'ಸದ್ಯ, ಮೂಗು ನಮ್ಮ ಕಡೇದು' ಎಂದರು. (ಮೂಗು ನನ್ನದೇ. ನಾನು ವಾದಿಸಲಿಲ್ಲ. ಕೋರ್ಟಿನಲ್ಲೇ ಗೆಲ್ಲದವನು ತೊಟ್ಟಿಲ ಬಳಿ ಗೆಲ್ಲುತ್ತೇನೆಯೇ?)

ಇಂಥ ನಾನು ಹೋದ ವರ್ಷ ಹರಾಜಿನಲ್ಲಿ ಒಂದು ಮನೆಮೋಟಾರು ಕೂಗಿ ತಂದೆ. ಕಾಡು ಸುತ್ತಿ ಸರ್ವೆ ಮಾಡುತ್ತಿದ್ದ ದೊರೆಯೊಬ್ಬ ಸೀಮೆಗೆ ಹಿಂತಿರುಗುವಾಗ ಬಿಟ್ಟುಹೋದ ಗಾಡಿ ಅದು. ಒಳಗೆ ಮಂಚ, ಬೀರು, ಮಡಿಸುವ ಮೇಜು, ಎರಡು ಕಿಟಕಿ. ತಗಡಿನ ಒಳಮೈಗೆ ತೆಳು ಹಲಗೆಯ ಗೋಡೆ. ಅಂಗಳದಲ್ಲಿ ಅದನ್ನು ನಿಲ್ಲಿಸಿದಾಗ ನನ್ನ ಹೆಂಡತಿ ಹೊಸಲು ದಾಟಲಿಲ್ಲ.

"ನಾನು ಕೇಳಿದ್ದು ಒಂದು ಬೀರು," ಎಂದಳು.

"ಒಳಗೆ ಬೀರು ಇದೆಯಲ್ಲೇ."

"ಬೀರು ಬೇಕು ಅಂದ್ರೆ ಊರು ಸುತ್ತೋ ಬೀರು ತರ್ತಾರೇನ್ರೀ? ನನ್ನ ಸೀರೆ ಎಲ್ಲ ತೀರ್ಥಹಳ್ಳಿಗೆ ಹೋಗಿರತ್ತೆ, ನಾನಿಲ್ಲಿ ಉಟ್ಟ ಸೀರೇಲೇ ಕೂತಿರ್ಬೇಕಾ?"

ಅವಳ ಹೆಸರು ಉಮಾಮಹೇಶ್ವರಿ. ಮದುವೆಯಾದ ಹೊಸದರಲ್ಲಿ ನನಗೆ ಉಮಾ ಮಾತ್ರ ಕಾಣಿಸಿದ್ದಳು.

ಕೊನೆಗೊಮ್ಮೆ ಗಾಡಿ ಹತ್ತಿ ಒಳಗಿನ ಹಲಗೆಗಳನ್ನು ಕಂಡ ಮೇಲಂತೂ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ವಾರ್ನಿಷು ಹಪ್ಪಳದಂತೆ ಎದ್ದಿತ್ತು. ದೊರೆ ತಲೆ ಆನಿಸುತ್ತಿದ್ದ ಕಡೆ ತಲೆಯಷ್ಟು ಎಣ್ಣೆಯ ಗುರುತು. ದೊರೆಯ ನಾಯಿ ಮೈ ಉಜ್ಜುತ್ತಿದ್ದ ಕಡೆ ನಾಯಿಯಷ್ಟು. ಉಮಾಮಹೇಶ್ವರಿ ಅಲ್ಲೇ ತೀರ್ಪು ಕೊಟ್ಟಳು.

"ಯುಗಾದಿಗೆ ಅಮ್ಮನ್ನ ಭದ್ರಾವತಿಯಿಂದ ಇದರಲ್ಲೇ ಕರ್ಕೊಂಡು ಬರೋಣ. ಅಮ್ಮ ಬಾಯಿಬಿಟ್ಟು 'ಚೆನ್ನಾಗಿದೆ' ಅಂದ್ರೆ ಗಾಡಿ ಇರ್ಲಿ. ಇಲ್ದಿದ್ರೆ ಗುಜರಿಯವನಿಗೆ."

ಗಾಡಿಯ ಆಯುಸ್ಸು ಅತ್ತೆಯ ನಾಲಗೆಯ ಮೇಲೆ ನಿಂತಿತು. ಹಲಗೆಗಳಿಗೆ ಹೊಸ ಕಳೆ ತರಲೇಬೇಕು. ಏನು ಬಳಿಯುವುದೆಂದು ಎರಡು ದಿನ ಯೋಚಿಸಿದವನಿಗೆ ಒಂದು ಪುರಾತನ ಪಂಚೆ ನೆನಪಾಯಿತು. ಮದುವೆಯ ವರ್ಷ, ಅತ್ತೆಯ ಮನೆಯಲ್ಲಿ ಅಡಿಕೆ ಬೇಯಿಸುವಾಗ ನನ್ನ ಪಂಚೆಗೆ ಒಂದು ತೊಟ್ಟು ಚೊಗರು ಬಿದ್ದಿತ್ತು. (ಅಡಿಕೆ ಬೆಂದ ಹಂಡೆಯಲ್ಲಿ ಉಳಿಯುವ ಕೆಂಪು ರಸವನ್ನು ಕುದಿಸಿ ಗಟ್ಟಿ ಮಾಡಿದರೆ ಚೊಗರು. ಅಡಿಕೆಗೆ ಬಣ್ಣ ಕಟ್ಟುವುದು ಅದರಿಂದಲೇ.) ಆ ಪಂಚೆ ಹರಿದು, ಒರೆಸುವ ಬಟ್ಟೆಯಾಗಿ, ಕೊನೆಗೆ ದೀಪದ ಬತ್ತಿಯೂ ಆಯಿತು. ಕಲೆ ಮಾತ್ರ ಬತ್ತಿಯ ಮೇಲೂ ಇತ್ತು. ಹೋಗದ ಬಣ್ಣ ಲೋಕದಲ್ಲಿ ಇದೊಂದೇ ಎಂದು ನಿಶ್ಚಯಿಸಿದೆ.

ಹೆಂಡತಿಯ ತಮ್ಮ ಪುಟ್ಟಯ್ಯ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮೋಟಾರು ಬಿಡುವುದೂ ಬಲ್ಲ. ಚೊಗರು ಬೇಕೆಂದು ಅವನಿಗೆ ಹೇಳಿಕಳಿಸಿದೆ. ಮೂರನೆಯ ದಿನವೇ ಬಾಳೆಲೆಯಿಂದ ಬಾಯಿ ಕಟ್ಟಿದ ಒಂದು ಮಡಕೆ ತಂದಿಟ್ಟ.

"ಎಲ್ಲಿ ಸಿಕ್ತೋ ಮಾರಾಯ?"

"ಎಲ್ಲೋ ಸಿಕ್ತು ಬಿಡಿ ಭಾವ. ಸಖತ್ ಹಳೇದು."

ಸಾಕ್ಷಿಗಳನ್ನು ಪಾಟೀಸವಾಲಿಗೆ ಗುರಿಪಡಿಸುವುದೇ ನನ್ನ ವೃತ್ತಿ. ಆ ದಿನ ನಾನು ವೃತ್ತಿಯಿಂದ ರಜೆಯಲ್ಲಿದ್ದೆ.

ಹಲಗೆಗಳನ್ನು ಕಳಚಿ, ಬೂದಿ ನೀರಿನಲ್ಲಿ ತಿಕ್ಕಿ, ಒಣಗಿಸಿ, ಮೂರು ಕೈ ಚೊಗರು ಬಳಿದೆ. ಹೊಳಪು ಬರಲೆಂದು ಅದಕ್ಕೆ ಎರಡು ಅಚ್ಚು ಬೆಲ್ಲ ಕಲಸಿದ್ದು ಮಾತ್ರ ನನ್ನ ಸ್ವಂತ ಸಂಶೋಧನೆ. ನಿಜಕ್ಕೂ ಬೀಟೆ ಮರ ನಾಚಬೇಕು, ಅಂಥ ಬಣ್ಣ ಬಂತು. ತಿರುಗಿ ಕೂಡಿಸುವಾಗ ಹಲಗೆಗೆ ಎಂಟು ಮೊಳೆಯ ಬದಲು ಎರಡೇ ಹೊಡೆದೆ. (ಉಳಿದ ಆರನ್ನು ಎಲ್ಲಿಟ್ಟೆನೋ ಮರೆತಿದ್ದೆ.) ಉಮಾಮಹೇಶ್ವರಿ ಬಂದು ಬೆರಳು ಒತ್ತಿ ನೋಡಿದಳು.

"ಅಂಟತ್ತೆ ಕಣ್ರೀ."

"ಒಣಗತ್ತೆ ಕಣೇ."

ಒಣಗಿಯೂ ಒಣಗಿತು. ನಾನು ಪರೀಕ್ಷಿಸಿದ್ದು ಬೆಳಿಗ್ಗೆ ಆರು ಗಂಟೆಗೆ. ಆ ಹೊತ್ತಿನಲ್ಲಿ ಎಲ್ಲವೂ ತಣ್ಣಗಿರುತ್ತದೆ, ಉಮಾಮಹೇಶ್ವರಿಯೂ.

ಯುಗಾದಿಗೆ ಎರಡು ದಿನ ಮುಂಚೆ ಭದ್ರಾವತಿಯ ಓಲ್ಡ್ ಟೌನಿನ ಮನೆ ಮುಂದೆ ಗಾಡಿ ನಿಂತಿತು. ಅತ್ತೆಯವರು ಗರಿಗರಿ ಬಿಳಿ ಸೀರೆ ಉಟ್ಟು ಹತ್ತಿದರು. ಸುತ್ತ ಕಣ್ಣಾಡಿಸಿದರು. "ಹೂಂ," ಎಂದರು. ಬೆನ್ನು ಗೋಡೆಗೆ ಕೊಟ್ಟು ಮಂಚದ ಮೇಲೆ ಕೂತರು. ಪುಟ್ಟಯ್ಯ ಗಾಡಿ ಬಿಟ್ಟ, ಪಕ್ಕದಲ್ಲಿ ನಾನು, ಹಿಂದೆ ಅಮ್ಮನ ಜೊತೆ ಉಮಾಮಹೇಶ್ವರಿ. ನಡು ಮಧ್ಯಾಹ್ನದ ಬಿಸಿಲು. ತಗಡು ದೋಸೆ ಹೆಂಚಿನಂತೆ ಕಾದಿತ್ತು. ಹಿಂದೆ ತಿರುಗಿ ನೋಡಿದರೆ ಅತ್ತೆಯವರು ಹಾಯಾಗಿ ನಿದ್ದೆಹೋಗಿದ್ದರು. ಗೆದ್ದೆ ಎಂದುಕೊಂಡೆ.

ದುರ್ಗಿಗುಡಿ ತಲುಪಿದಾಗ ಒಳಗಿನಿಂದ ಕೂಗು ಕೇಳಿತು.

"ಏ ಉಮಾ, ನನ್ನ ಹಿಂದ್ಗಡೆಯಿಂದ ಯಾರೋ ಹಿಡ್ಕೊಂಡಿದಾರೆ ಕಣೇ!"

"ಯಾರಿದಾರಮ್ಮ ಹಿಂದೆ? ಗೋಡೆ."

"ಹಾಗಾದ್ರೆ ಗೋಡೇನೇ ಹಿಡ್ಕೊಂಡಿದೆ! ಎಳಿಯೇ!"

ಉಮಾಮಹೇಶ್ವರಿ ಎಳೆದಳು. ಎರಡು ಮೊಳೆಗಳು ತಮ್ಮ ಕೈಲಾದಷ್ಟು ಹೋರಾಡಿ ಕೈಬಿಟ್ಟವು. ಅತ್ತೆಯವರು ಇಳಿದರು, ಅವರೊಂದಿಗೆ ಗೋಡೆಯೂ ಇಳಿಯಿತು. ಆರತಿ ಹಿಡಿದು ನಿಂತಿದ್ದ ಪಕ್ಕದ ಮನೆಯ ಪುಷ್ಪಮ್ಮ ಒಂದು ಕ್ಷಣ ತಡವರಿಸಿ, ಮುಂದೆ ಅತ್ತೆಯವರಿಗೆ ಎತ್ತಿ, ಸುತ್ತಿ ಹಿಂದೆ ಹೋಗಿ ಹಲಗೆಗೂ ಎತ್ತಿದರು.

ಜಗಲಿಯ ಮೇಲೆ ಬಿಸಿನೀರು ಚಿಮುಕಿಸಿ ಹಲಗೆ ಬಿಡಿಸಿದ್ದಾಯಿತು. ಸೀರೆಯ ಬೆನ್ನು ರಕ್ತಗೆಂಪು. ನಾನು ಮನಸ್ಸಿನಲ್ಲೇ ಗುಜರಿಯವನ ಅಂಗಡಿಗೆ ದಾರಿ ನೋಡಿಕೊಳ್ಳುತ್ತಿದ್ದೆ. ಅತ್ತೆಯವರು ಹಲಗೆಯನ್ನು ಬೆರಳಿನಿಂದ ಒರೆಸಿದರು. ಮೂಸಿದರು. ನಾಲಗೆಯ ತುದಿಗೆ ಮುಟ್ಟಿಸಿದರು.

"ಚೆನ್ನಾಗಿದೆ," ಎಂದರು.

ಹದಿನೆಂಟು ವರ್ಷ! ನನ್ನ ಕಣ್ಣಲ್ಲಿ ನೀರೇ ಬಂತು. ನೋಡಿದರೆ ಅವರ ಕಣ್ಣಲ್ಲೂ ನೀರು.

"ಚೆನ್ನಾಗಿಲ್ದೇ ಏನು? ನಮ್ಮತ್ತೆ ಕಾಲದ ಚೊಗರು. ಸಾಯೋವಾಗ ಆ ಮಡಕೆ ಒಂದನ್ನೇ ನನ್ನ ಕೈಗೆ ಕೊಟ್ಟು ಹೋಗಿದ್ದು. ವರ್ಷವರ್ಷವೂ ಹೊಸ ಚೊಗರಿಗೆ ಇದರದ್ದೊಂದು ಸೌಟು ಹಾಕಿ, ಅಷ್ಟನ್ನೇ ತಿರುಗಿ ತುಂಬಿ ಇಟ್ಕೊಂಡು ಬಂದಿದೀನಿ. ನಮ್ಮ ಅಟ್ಟದಿಂದ ಇಲ್ಲಿಗೆ ಹೇಗೆ ಬಂತು?"

ನಾನು ಪುಟ್ಟಯ್ಯನ ಕಡೆ ನೋಡಿದೆ. ಪುಟ್ಟಯ್ಯ ಇರಬೇಕಾದ ಜಾಗದಲ್ಲಿ ಪುಟ್ಟಯ್ಯನಿರಲಿಲ್ಲ. ನಾಚಿಕೆಯಿಂದ ಭೂಮಿಗಿಳಿದು ಹೋದೆ, ಇದರಲ್ಲಿ ಹಾಸ್ಯವಿಲ್ಲ.

ಅತ್ತೆಯವರು ಇನ್ನೊಮ್ಮೆ ನೆಕ್ಕಿ ನೋಡಿದರು. "ಅಳಿಯಂದ್ರೇ, ಬೆಲ್ಲ ಯಾಕೆ ಹಾಕಿದ್ರಿ?"

"ಹೊಳಪಿಗೆ," ಎಂದೆ.

"ಹೂಂ."

ಮಾರನೆಯ ದಿನವೇ ಬಡಗಿ ರಾಮಯ್ಯ ಬಂದು, ಅತ್ತೆಯವರ ಅಪ್ಪಣೆಯಂತೆ, ಗಾಡಿಯ ಹಲಗೆಗಳನ್ನೆಲ್ಲ ಕಿತ್ತು ಹಂಡೆಗೆ ಹಿಡಿಸುವಷ್ಟು ತುಂಡು ಮಾಡಿಕೊಟ್ಟ. ಹಿತ್ತಿಲಲ್ಲಿ ಒಲೆ ಹೂಡಿದರು. ಬೇಲಿಯಾಚೆಯಿಂದ ಪುಷ್ಪಮ್ಮ ಕೇಳಿದರು, "ಹಬ್ಬಕ್ಕೆ ಏನು ಬೇಯಿಸ್ತಿದೀರಿ?"

"ಗೋಡೆ," ಎಂದಳು ಉಮಾಮಹೇಶ್ವರಿ.

ಬೆಂದ ಗೋಡೆ ಬಿಟ್ಟ ಚೊಗರನ್ನು ಸೋಸಿ ಹಳೆಯ ಮಡಕೆಗೇ ತಿರುಗಿ ತುಂಬಿದರು. ಅದು ಹದಕ್ಕೆ ಬರಲು ಎಷ್ಟು ದಿನ ಬೇಕೆಂದು ಕೇಳಿದೆ.

"ಮುಂದಿನ ಕೊಯ್ಲು ಹೊತ್ತಿಗೆ ಬರಬಹುದು. ಬೆಲ್ಲ ಬೇರೆ ಹಾಕಿದೀರಲ್ಲ," ಎಂದರು ಅತ್ತೆಯವರು. "ಅಲ್ಲೀವರೆಗೂ ಇಲ್ಲೇ ಇದ್ದು ನೋಡ್ಕೋತೀನಿ. ನಿಮ್ಮ ಕೋಣೇಲಿ ಗಾಳಿ ಪರವಾಗಿಲ್ಲ."

"ಹಾಗಾದ್ರೆ ನಾನು?" ಎಂದು ಹೆಂಡತಿಯನ್ನು ಕೇಳಿದೆ.

"ಯಾಕ್ರೀ, ಗಾಡಿ ಇದೆಯಲ್ಲ. ಅಮ್ಮ 'ಚೆನ್ನಾಗಿದೆ' ಅಂದ್ಲು. ನಾನು ಮಾತಿಗೆ ತಪ್ಪೋಳಲ್ಲ."

ಈಗ ಮಳೆಗಾಲ. ಬರಿಯ ತಗಡಿನೊಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಮಂಚವಿದೆ, ಮೇಜಿದೆ. ಬೀರನ್ನು ಉಮಾಮಹೇಶ್ವರಿ ಒಳಗೆ ಸಾಗಿಸಿಕೊಂಡಳು. ದಿನವೂ ಬೆಳಿಗ್ಗೆ ಕಾಫಿ ಹಿಡಿದು ಅಂಗಳಕ್ಕೆ ಬಂದು ತಗಡು ತಟ್ಟುತ್ತಾಳೆ.

"ಯಾರಿದೀರಿ? ಯಜಮಾನರು ಮನೇಲಿದಾರಾ?"