ಈ ಸಲ ಗಿಡ ಎಡಗಡೆ

ಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ. ಹಾಲು ಉಕ್ಕಿತು, ಅವಳು ಒಲೆ ಆರಿಸಿದಳು, ಫೋನು ಬಡಿದುಕೊಂಡಿತು. ಗಂಡನ ಆಫೀಸಿನ ಮ್ಯಾನೇಜರು. ಸಂತಾಪವನ್ನು ಒಂದೇ ಉಸಿರಿನಲ್ಲಿ ಮುಗಿಸಿ ವಿಷಯಕ್ಕೆ ಬಂದರು.

ಗಂಡ ಹೆಸರಾಂತ ವಾಸ್ತುಶಿಲ್ಪಿಯೊಬ್ಬರ ಹತ್ತಿರ ಕಟ್ಟಡಗಳ ಪುಟ್ಟ ಮಾದರಿ ಮಾಡುವ ಕೆಲಸದಲ್ಲಿದ್ದ. ರಟ್ಟು, ಗೋಂದು, ಬಿಳಿ ಬಣ್ಣ, ಸ್ಪಂಜಿನ ಗಿಡ. ಹೊಸ ಸಭಾಭವನದ ಮಾದರಿಯನ್ನು ಇವತ್ತು ಹನ್ನೊಂದಕ್ಕೆ ಸಮಿತಿಯ ಮುಂದಿಡಬೇಕು, ಅದು ಆಫೀಸಿನಲ್ಲಿ ಎಲ್ಲೂ ಇಲ್ಲ. ಸತ್ತವನು ಬೇರೆ ಕಂಪನಿಗೆ ಮಾರಿಕೊಂಡಿರಬೇಕು ಎಂದು ಸಾಹೇಬರು ಎಲ್ಲರೆದುರಿಗೆ ಅಂದರಂತೆ.

"ನಾನಂತೂ ನಂಬಲಿಲ್ಲ ಅಮ್ಮ," ಎಂದರು ಮ್ಯಾನೇಜರು. "ಆದ್ರೆ ಮಾಡಲ್ ಸಿಗ್ಲಿಲ್ಲ ಅಂದ್ರೆ ನಂಬಬೇಕಾಗತ್ತೆ."

ಹೋದವನಿಗೆ ಉಳಿದಿದ್ದು ಹೆಸರೊಂದೇ. ಅದಕ್ಕೂ ಕಳ್ಳನ ಪಟ್ಟ. ಅವಳು ಮನೆಯೆಲ್ಲ ಜಾಲಾಡಿದಳು. ಮಲಗುವ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಅತ್ತೆ ಮಡಿಚಿಟ್ಟ ಬಟ್ಟೆಯ ರಾಶಿ. ಬಟ್ಟೆ ಎತ್ತಿದರೆ ಹಳೇ ಪತ್ರಿಕೆ, ಪತ್ರಿಕೆ ಎತ್ತಿದರೆ ಬಿಳಿ ಗೋಡೆ, ಮಗುಚಿಟ್ಟ ಬಾಣಲೆಯಂಥ ಸೂರು, ಸೂರಿನಲ್ಲಿ ಮೂರು ದುಂಡು ತೂತು, ಬಾಗಿಲ ಬಲಕ್ಕೆ ಎರಡು ಗಿಡ. ಹೋದ ಜೀವ ಬಂದಂತಾಯಿತು.

ಊರಿನಲ್ಲಿ ಈ ಬಾಣಲೆ ಇಲ್ಲದ ಬಡಾವಣೆಯಿಲ್ಲ. ಆಸ್ಪತ್ರೆಯ ಮೇಲೆ ಅದು ತಾಯಿಯ ಮಡಿಲು, ಗ್ರಂಥಾಲಯದ ಮೇಲೆ ತೆರೆದ ಪುಸ್ತಕ, ಬಸ್ ನಿಲ್ದಾಣದ ಮೇಲೆ ಹಕ್ಕಿಯ ರೆಕ್ಕೆ. ಪ್ರತಿ ಉದ್ಘಾಟನೆಯಲ್ಲೂ ವಾಸ್ತುಶಿಲ್ಪಿಗಳು ಹೊಸ ಅರ್ಥ ಹೇಳುತ್ತಿದ್ದರು. ಕಟ್ಟಡಕ್ಕಿಂತ ಅರ್ಥ ಕಟ್ಟುವುದರಲ್ಲೇ ಅವರ ಕೈ ಪಳಗಿತ್ತು. "ಎಲ್ಲಾ ಒಂದೇ ಥರ ಇದೆಯಲ್ರೀ," ಎಂದು ಅವಳು ಹೋದ ತಿಂಗಳು ಕೇಳಿದ್ದಳು. ಗಂಡ ಬೆರಳಿನ ಗೋಂದು ಉಜ್ಜಿಕೊಳ್ಳುತ್ತ, "ಒಂದೇ ಥರ ಎಲ್ಲಿ? ಈ ಸಲ ಗಿಡ ಎಡಗಡೆ ಇದೆ," ಎಂದಿದ್ದ.

ಅವಳು ಮಾದರಿ ಹೊತ್ತು ಗೇಟು ದಾಟುವಷ್ಟರಲ್ಲಿ ಎದುರುಮನೆಯ ಟೀಚರಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದರು. ರಿಟೈರಾದ ಮೇಲೆ ಅವರಿಗೆ ಇಡೀ ಬೀದಿಯೇ ಕ್ಲಾಸ್‌ರೂಮು. ಟ್ಯಾಕ್ಸಿಯವನಿಗೆ ಅವಳು ಬೀದಿಯ ಹೆಸರು ಹೇಳಲು ಬಾಯಿ ತೆರೆಯುವ ಮೊದಲೇ ಮಾದರಿಯ ಮೇಲೆ ಬೆರಳಿಟ್ಟು, "ಈ ಬಿಲ್ಡಿಂಗಿಗೆ ಹೋಗಪ್ಪ," ಎಂದುಬಿಟ್ಟರು. ವಾಸ್ತುಶಿಲ್ಪಿಗಳ ಆಫೀಸೂ ಇದೇ ನಮೂನೆಯದು, ಟೀಚರಮ್ಮ ಹೇಳಿದ್ದು ಸುಳ್ಳೇನಲ್ಲ.

ಟ್ಯಾಕ್ಸಿ ಆಸ್ಪತ್ರೆಯ ಮುಂದೆ ನಿಂತಿತು. ದಾರಿ ಕೇಳಲು ಒಳಹೋದರೆ, ಕೌಂಟರಿನ ಹುಡುಗಿ ಮಾದರಿಯನ್ನು ಕಂಡು ಮುದ್ದು ಮಗುವಿನಂತೆ ಎತ್ತಿಕೊಂಡಳು. ಇದು ತಮ್ಮದೇ ಆಸ್ಪತ್ರೆ, ಪ್ರಪಂಚದಲ್ಲಿ ಇಂಥದ್ದು ಇನ್ನೊಂದಿಲ್ಲ ಅಂತ ಕಟ್ಟಿದವರೇ ಹೇಳಿದ್ದಾರೆ, ಇಲ್ಲೇ ಬಿಟ್ಟುಹೋಗಿ ಎಂದು ಹಟ ಹಿಡಿದಳು. ಟೀಚರಮ್ಮ ಕಿತ್ತುಕೊಂಡು ಬರುವ ಹೊತ್ತಿಗೆ ಕಾಲು ಗಂಟೆ ಹೋಯಿತು.

"ಇನ್ನೊಂದಿದೆ ಬನ್ನಿ," ಎಂದ ಟ್ಯಾಕ್ಸಿಯವನು. ಅದು ಗ್ರಂಥಾಲಯ. ಈ ಸಲ ಅವಳು ಮಾದರಿಗೆ ಪತ್ರಿಕೆ ಮುಚ್ಚಿಕೊಂಡು ಕಾರಿನಲ್ಲೇ ಕೂತಳು. ಬಾಗಿಲ ಬಲಕ್ಕೆ ಎರಡು ಗಿಡ. ತೆರೆದ ಬಾಗಿಲೊಳಗೆ ಒಂದು ಗಾಜಿನ ಪೆಟ್ಟಿಗೆ, ಖಾಲಿ. ಈ ಬಾಗಿಲು ಅವಳಿಗೆ ಚೆನ್ನಾಗಿ ಗೊತ್ತು. ಹೋದ ವಾರ ಗಂಡನಿಗೆ ಎದೆನೋವು ಬಂದಾಗ ಇಂಥವನೇ ಒಬ್ಬ ಟ್ಯಾಕ್ಸಿಯವನು ಗಾಬರಿಯಲ್ಲಿ ಆಸ್ಪತ್ರೆಯೆಂದು ಮೊದಲು ಇಲ್ಲಿಗೆ ತಂದು ನಿಲ್ಲಿಸಿದ್ದ. ಅವನ ತಪ್ಪಲ್ಲ. ಕಟ್ಟಿದವರನ್ನು ಕೇಳಿದರೆ ಅದಕ್ಕೆ ಶೈಲಿ ಅನ್ನುತ್ತಾರೆ.

ಅವಳು ಬೀದಿಯ ಹೆಸರನ್ನು ಗಟ್ಟಿಯಾಗಿ ಹೇಳಿದಳು.

ಆಫೀಸಿನ ಮೆಟ್ಟಿಲಲ್ಲೇ ಮ್ಯಾನೇಜರು ಅಡ್ಡ ಬಂದರು. "ಸಿಕ್ತು ಅಮ್ಮ, ನಿಮ್ಮೋರೇ ಮೀಟಿಂಗ್ ರೂಮಲ್ಲಿ ಬಟ್ಟೆ ಮುಚ್ಚಿಟ್ಟಿದ್ರು. ಫೋನ್ ಮಾಡೋಣ ಅಂತಿದ್ದೆ..." ಅಷ್ಟರಲ್ಲಿ ಟೀಚರಮ್ಮ ಅವಳನ್ನು ರಟ್ಟೆ ಹಿಡಿದು ಮೀಟಿಂಗ್ ರೂಮಿಗೆ ನುಗ್ಗಿಸಿ, ಅವಳ ಕೈಯಲ್ಲಿದ್ದುದನ್ನು ಮೇಜಿನ ಮೇಲಿಟ್ಟು, "ನೋಡ್ಕೊಳ್ಳಿ, ಅವನು ಕಳ್ಳ ಅಲ್ಲ," ಎಂದರು.

ಸಮಿತಿಯ ಹಿರಿಯರೊಬ್ಬರು ಆಗಷ್ಟೇ, ಇದು ಹೊಸದೋ ಅಥವಾ ಮೊದಲಿನ ಕಟ್ಟಡಗಳ ಪಡಿಯಚ್ಚೋ ಎಂದು ಕೇಳಿ ಉತ್ತರಕ್ಕೆ ಕಾದಿದ್ದರು. ಮೇಜಿನ ಮೇಲೆ ಈಗ ಎರಡು ಬಾಣಲೆ, ಅವಳಿಜವಳಿ ಮಕ್ಕಳಂತೆ.

ವಾಸ್ತುಶಿಲ್ಪಿಗಳ ಮುಖದಲ್ಲಿ ಒಂದು ಗೆರೆ ಕದಲಲಿಲ್ಲ. ಆ ಮುಖವನ್ನೂ ಅವರೇ ಕಟ್ಟಿಸಿಕೊಂಡಿರಬೇಕು. "ನೋಡಿ," ಎಂದರು ನಿಧಾನವಾಗಿ. "ನನ್ನ ಕೆಲಸ ಹೊರಗೆ ಬರೋ ಮೊದಲೇ ನಕಲು ಶುರುವಾಗಿದೆ. ಗಿಡ ಗಮನಿಸಿ. ನಾನು ಎಡಕ್ಕಿಟ್ಟಿದೀನಿ. ನಕಲು ಮಾಡಿದವರಿಗೆ ಅದು ಹೊಳೆದಿಲ್ಲ. ಸ್ವಂತಿಕೆ ಗೊತ್ತಾಗೋದು ಇಂಥ ಕಡೇನೇ." ನಂತರ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ಹೋದವರ ಮೇಲೆ ನನಗೆ ಕೋಪ ಇಲ್ಲಮ್ಮ. ಕ್ಷಮಿಸಿದೀನಿ."

ಆ ದೊಡ್ಡ ಮನಸ್ಸಿಗೆ ಸಮಿತಿ ಚಪ್ಪಾಳೆ ತಟ್ಟಿತು. ಸಭಾಭವನ ಅವಿರೋಧವಾಗಿ ಒಪ್ಪಿಗೆಯಾಯಿತು. ಬೆಳಗ್ಗೆ ಕಳ್ಳನಾಗಿದ್ದ ಗಂಡ ಮಧ್ಯಾಹ್ನದೊಳಗೆ ನಕಲಿಗನಾಗಿದ್ದ. ಬಡ್ತಿ ಎನ್ನಬೇಕು. ಮ್ಯಾನೇಜರು ಅವಳು ತಂದ ಮಾದರಿಯನ್ನು ಅವಳ ಕೈಗೇ ಕೊಟ್ಟು, ಇಲ್ಲಿದ್ದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ ಎಂದರು.

ಹೊರಗೆ ಬಂದು ಅವಳು ಬಲಗಡೆಯ ಗಿಡಗಳನ್ನೇ ನೋಡಿದಳು. ಖಾಲಿ ಗಾಜಿನ ಪೆಟ್ಟಿಗೆ ನೆನಪಾಯಿತು.

"ಗ್ರಂಥಾಲಯಕ್ಕೆ," ಎಂದಳು. ಟ್ಯಾಕ್ಸಿಯವನು ಆಸ್ಪತ್ರೆಗೆ ಹೋದ. ಅಲ್ಲಿಂದ ಗ್ರಂಥಾಲಯಕ್ಕೆ.

ಪೆಟ್ಟಿಗೆಯೊಳಗಿನ ಧೂಳಿನಲ್ಲಿ ಮಾದರಿಯ ತಳದ ಗುರುತು ಇನ್ನೂ ಇತ್ತು. ಅವಳು ಇಟ್ಟಳು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಗ್ರಂಥಪಾಲಕಿ ಓಡಿಬಂದು ಸೆರಗಿನಿಂದ ಸೂರು ಒರೆಸಿದರು.

"ಅಂತೂ ಬಂತಲ್ಲ. ಹೊಸದೊಂದು ಮಾಡ್ಬೇಕು, ಅಳತೆ ತಗೊಂಡು ಕೊಡ್ತೀನಿ ಅಂತ ಕೇಳಿ ಒಯ್ದಿದ್ರು. ಜೋಪಾನ ಕಣಪ್ಪ, ಪ್ರಪಂಚದಲ್ಲಿ ಇಂಥದ್ದು ಇನ್ನೊಂದಿಲ್ಲ ಅಂದಿದ್ದೆ. ಎಲ್ಲಿ ಅವರು, ನಾನೇ ತಂದುಕೊಡ್ತೀನಿ ಅಂದಿದ್ರಲ್ಲ?"

"ಬಂದಿದ್ರು," ಎಂದಳು ಅವಳು. "ಹೋದ ವಾರ. ಬಾಗಿಲ ತನಕ."

ಅಲ್ಲಿಯವರೆಗೆ ಬಂದವರು ಒಂದು ನಿಮಿಷ ಒಳಗೆ ಬರಬಾರದಿತ್ತೇ, ಎಂದು ಗೊಣಗುತ್ತ ಗ್ರಂಥಪಾಲಕಿ ಪೆಟ್ಟಿಗೆಗೆ ಬೀಗ ಹಾಕಿದರು.