ಹೆಸರಿಲ್ಲದ ತೇಪೆಗಳು

ಮೂರನೇ ಮಹಡಿಯ ಗುಂಡಿ ಒತ್ತಿದವರೆಲ್ಲ ಆರನೇ ಮಹಡಿಗೆ ಹೋಗಿ ಇಳಿಯತೊಡಗಿದ್ದೇ ಈ ಎಲ್ಲ ರಗಳೆಗೆ ಮೂಲ.

ಅದು ಲಿಫ್ಟುಗಳಿಗೆ ಬುದ್ಧಿ ಬರೆದುಕೊಡುವ ಕಚೇರಿ. ಎಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಯಾರಾದರೂ ಕಾಲು ಅಡ್ಡ ಇಟ್ಟರೆ ಏನು ಮಾಡಬೇಕು ಎಂಬುದನ್ನೆಲ್ಲ ಹದಿನಾಲ್ಕು ಜನ ಒಂದು ಹಜಾರದಲ್ಲಿ ಕೂತು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಬರೆದದ್ದರಲ್ಲಿ ತೂತು ಕಂಡರೆ ಅದಕ್ಕೊಂದು ತುಂಡು ಹೊಲಿಯುತ್ತಿದ್ದರು. ಆ ತುಂಡಿಗೆ ಅಲ್ಲಿ ತೇಪೆ ಎನ್ನುತ್ತಿದ್ದರು. ತೇಪೆ ಹಾಕಿದವರು ಅದನ್ನು ತೇಪೆಪಟ್ಟಿಗೆ ಸೇರಿಸಬೇಕು. ಪಟ್ಟಿ ಗೋಡೆಯ ದೊಡ್ಡ ಪರದೆಯ ಮೇಲೆ ಸದಾ ಹರಿಯುತ್ತಿರುತ್ತದೆ. ಅದನ್ನು ನೋಡಿ ಪರಿಶೀಲನೆಯ ಅಕ್ಕ ಒಂದೊಂದಕ್ಕೂ ಒಪ್ಪಿಗೆ ಒತ್ತುತ್ತಾರೆ.

ಸೇರಿಸುವಾಗ ಪಟ್ಟಿ ‘ಹೆಸರೇನು?’ ಎಂದು ಕೇಳುತ್ತದೆ. ಉತ್ತರಿಸದೆ ಮುಂದೆ ಹೋದರೆ ತಾನೇ ‘ಹೆಸರಿಲ್ಲದ ತೇಪೆ’ ಎಂದು ಬರೆದು ಒಂದು ಸಂಖ್ಯೆ ಅಂಟಿಸುತ್ತದೆ. ಹದಿನಾಲ್ಕು ಜನರೂ ಮುಂದೆಯೇ ಹೋಗುತ್ತಿದ್ದರು. ಗೋಡೆಯ ತುಂಬ ನಾನೂರು ಅನಾಥ ತೇಪೆಗಳು. ಹೋದ ವಾರ ಅಕ್ಕ 221ಕ್ಕೆ ಒತ್ತಬೇಕಾದ ಒಪ್ಪಿಗೆಯನ್ನು 212ಕ್ಕೆ ಒತ್ತಿದರು. ಒಂದು ಕಟ್ಟಡದ ಜನ ನಾಲ್ಕು ದಿನ ಮೂರು ಮಹಡಿ ಮೆಟ್ಟಿಲಿಳಿದು ಮನೆ ಸೇರಿದರು.

ಬೆಳಗ್ಗೆ ಒಂಬತ್ತಕ್ಕೆ ಕಚೇರಿ ನಡೆಸುವ ದೊಡ್ಡವರು ಗೋಣಪ್ಪನನ್ನು ಕರೆದರು.

ಗೋಣಪ್ಪ ಅವನ ನಿಜ ಹೆಸರಲ್ಲ. ಯಾರು ಏನು ಹೇಳಿದರೂ ಬಾಯಿಗಿಂತ ಮೊದಲು ಅವನ ಕುತ್ತಿಗೆ ಉತ್ತರ ಕೊಡುತ್ತಿದ್ದುದರಿಂದ ಹಜಾರದವರು ಇಟ್ಟದ್ದು. ಹದಿನಾಲ್ಕು ಜನರಲ್ಲಿ ಕೆಲಸ ಇನ್ನೂ ಕಾಯಂ ಆಗದವನು ಅವನೊಬ್ಬನೇ.

“ನಾಲ್ಕು ಗಂಟೆಗೆ ಲಿಫ್ಟ್ ಕಾರ್ಖಾನೆ ಮೇಡಂನ ಕರ್ಕೊಂಡು ಬರ್ತೀನಿ,” ಎಂದರು ದೊಡ್ಡವರು, ಚೀಲ ಹೆಗಲಿಗೇರಿಸುತ್ತ. “ಅಷ್ಟರಲ್ಲಿ ಈ ಪಟ್ಟಿ ತಾನಾಗೇ ಒಳ್ಳೆ ಹೆಸರಿಡೋ ಹಾಗೆ ಮಾಡು. ಯಾರನ್ನೂ ಕೇಳಬಾರದು. ಕೇಳಿದ್ರೆ ನಮ್ಮವರು ಹೇಳಲ್ಲ. ಆಗುತ್ತಾ?”

ಗೋಣಪ್ಪ ತಲೆಯಾಡಿಸಿದ.

“ಬಾಯಲ್ಲಿ ಹೇಳಪ್ಪ.”

“ಆಗುತ್ತೆ ಸಾರ್.”

“ನಿನ್ನ ಕಾಯಂ ಪತ್ರ ಈ ಚೀಲದಲ್ಲೇ ಇದೆ. ಪಟ್ಟಿ ಸರಿಯಾಗಿದ್ರೆ ಮೇಡಂ ಎದುರಿಗೇ ಸಹಿ ಹಾಕ್ತೀನಿ.”

ಆ ಪತ್ರಕ್ಕಾಗಿ ಗೋಣಪ್ಪನ ಮನೆಯಲ್ಲಿ ಪಾತ್ರೆಗಳು ಆಗಲೇ ಕಾಗದ ಸುತ್ತಿಕೊಂಡು ಕೂತಿದ್ದವು. ಮನೆ ಎಂದರೆ ಅವನ ಮನೆಯಲ್ಲ, ಹೆಂಡತಿಯ ಅಣ್ಣನ ಮನೆ. ಎಂಟು ತಿಂಗಳಿಂದ ಗಂಡ ಹೆಂಡಿರಿಬ್ಬರೂ ಅದರ ಮುಂದಿನ ಕೋಣೆಯಲ್ಲಿ ಒಂದು ಪರದೆಯ ಹಿಂದೆ ಸಂಸಾರ ಮಾಡುತ್ತಿದ್ದರು. ಭಾವ ಬೆಳಗ್ಗೆ ಐದಕ್ಕೆ ಎದ್ದು ಪರದೆಯ ಆಚೆ ಬಸ್ಕಿ ಹೊಡೆಯುತ್ತ ಗಟ್ಟಿಯಾಗಿ ಲೆಕ್ಕ ಹಾಕುತ್ತಿದ್ದ. ಎರಡು ಬೀದಿ ಆಚೆ ಒಂದು ಮನೆ ಸಿಕ್ಕಿತ್ತು. ಅದರ ಒಡತಿಗೆ ಒಂದೇ ಹಟ: ಕಾಯಂ ಪತ್ರ ತೋರಿಸಿದವರಿಗೆ ಮಾತ್ರ ಬೀಗದ ಕೈ. ಇವತ್ತು ಸಂಜೆ ಆರರವರೆಗೆ ಕಾಯುತ್ತಾಳೆ, ಆಮೇಲೆ ಬೇರೆಯವರಿಗೆ.

ಗೋಣಪ್ಪ ಬುದ್ಧಿವಂತನೇ. ಹತ್ತೂವರೆಗೆಲ್ಲ ದಾರಿ ಹೊಳೆಯಿತು. ಪಟ್ಟಿಗೆ ಹೆಸರು ಕೊಡದೆ ತಪ್ಪಿಸಿಕೊಳ್ಳಬಹುದು, ನಿಜ. ಆದರೆ ತಂತಮ್ಮ ಯಂತ್ರದಲ್ಲಿ ಕೆಲಸವನ್ನು ಉಳಿಸುವಾಗ ಒಂದು ಸಾಲಿನ ಟಿಪ್ಪಣಿ ಬರೆಯಲೇಬೇಕು. ಖಾಲಿ ಬಿಟ್ಟರೆ ಯಂತ್ರ ಉಳಿಸುವುದೇ ಇಲ್ಲ. ಹಾಗಾಗಿ ಪ್ರತಿ ತೇಪೆಯ ಹೊಟ್ಟೆಯೊಳಗೂ ಒಂದು ಟಿಪ್ಪಣಿ ಇದ್ದೇ ಇರುತ್ತದೆ. ಅದನ್ನೇ ಎತ್ತಿ ಹೆಸರಾಗಿ ಕೂರಿಸಿದರಾಯಿತು. ಪರೀಕ್ಷೆಗೆಂದು ಅಕ್ಕನದೇ ಒಂದು ತೇಪೆ ಸೇರಿಸಿ ನೋಡಿದ. ಗೋಡೆಯ ಮೇಲೆ ಮುತ್ತಿನಂಥ ಸಾಲು ಮೂಡಿತು: ‘ಬಾಗಿಲ ಗಂಟೆ ಎರಡು ಸಲ ಬಾರಿಸುತ್ತಿದ್ದುದನ್ನು ತಡೆದದ್ದು.’

“ಭೇಷ್!” ಎಂದ ಪಕ್ಕದ ಮೇಜಿನವನು. ಅವನನ್ನು ಎಲ್ಲರೂ ಸಲಹೆ ಎಂದೇ ಕರೆಯುತ್ತಿದ್ದರು. “ಆದ್ರೆ ಇದು ಇನ್ಮೇಲೆ ಬರೋ ತೇಪೆಗೆ ಮಾತ್ರ ಅಲ್ವಾ? ಗೋಡೆ ಮೇಲಿರೋ ಆ ನಾನೂರರ ಕಥೆ? ಮೇಡಂ ಬಂದು ನೋಡೋದು ಅವನ್ನೇ ಕಣಯ್ಯ. ಹಳೇದಕ್ಕೂ ಒಂದೇ ಏಟಿಗೆ ಇಡಿಸಿಬಿಡು.”

ಗೋಣಪ್ಪನ ಕುತ್ತಿಗೆ ಆಡಿಬಿಟ್ಟಿತು.

ಹಳೆಯದನ್ನು ಒಟ್ಟಿಗೆ ಮುಟ್ಟಲು ಉಗ್ರಾಣದ ಬೀಗ ತೆಗೆಯಬೇಕು. ಪಟ್ಟಿಯನ್ನೆಲ್ಲ ಕೂಡಿಟ್ಟಿದ್ದ ಯಂತ್ರಗಳ ಉಗ್ರಾಣ ಕಾಯುವ ಹಿರಿಯರನ್ನು ಹಜಾರದವರೆಲ್ಲ ಮಾವ ಎನ್ನುತ್ತಿದ್ದರು. ಮಾವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು. “ಮಗಳ ಶಾಲೆಯಲ್ಲಿ ನಾಟಕ ಇದೆಯಪ್ಪ. ಅವಳು ಮರ. ಹನ್ನೆರಡೂವರೆಗೆ ಅಲ್ಲಿರಬೇಕು. ಕೊಡು ಬೇಗ,” ಎಂದು ಅವನು ಬರೆದದ್ದನ್ನು ಯಂತ್ರದಲ್ಲಿ ಓಡಿಸಿ, ಬೀಗ ಹಾಕಿ, ಫೋನನ್ನೂ ಆರಿಸಿಕೊಂಡು ಹೊರಟುಹೋದರು.

ಗೋಡೆಯ ಪರದೆ ಒಮ್ಮೆ ಮಿನುಗಿತು. ನಾನೂರು ಹೆಸರುಗಳು ಒಟ್ಟಿಗೆ ಬದಲಾದವು.

ಯಾರೂ ಓದುವುದಿಲ್ಲ ಎಂದು ಗೊತ್ತಿರುವ ಜಾಗದಲ್ಲಿ ಮನುಷ್ಯ ಏನು ಬರೆಯುತ್ತಾನೆ ಎಂಬುದು ಹಜಾರಕ್ಕೆ ಆಗ ತಿಳಿಯಿತು.

‘ಯಾಕೆ ಓಡುತ್ತಿದೆಯೋ ಗೊತ್ತಿಲ್ಲ. ಯಾರೂ ಮುಟ್ಟಬೇಡಿ.’

‘ಊಟದ ಹೊತ್ತಾಯಿತು.’

‘ಪಕ್ಕದವನದ್ದನ್ನು ನೋಡಿ ಬರೆದದ್ದು. ಅವನದೂ ತಪ್ಪಿರಬಹುದು.’

ಮೊದಲು ಒಬ್ಬರು ಕಿಸಕ್ಕೆಂದರು. ಆಮೇಲೆ ಕುರ್ಚಿಗಳು ಸರಿದವು. ಎಲ್ಲರೂ ಗೋಡೆಯ ಮುಂದೆ ಬಂದು ನಿಂತರು. “ಏಯ್, ಇದು ನಿಂದು!” “ನಂದಲ್ಲ ಮಾರಾಯ!” “ಪಕ್ಕದಲ್ಲೇ ಹೆಸರಿದೆಯಲ್ಲೋ!” ಅವರೆಲ್ಲ ಕಾಯಂ. ನಗಬಹುದು.

ಗೋಣಪ್ಪ ನಗಲಿಲ್ಲ. ಅವನು ಗೋಡೆಯ ಮೇಲೆ ತನ್ನ ಹೆಸರು ಹುಡುಕುತ್ತಿದ್ದ. ಎಂಟು ತಿಂಗಳು ಬಾಯಲ್ಲಿ ಹೇಳಲಾರದ್ದನ್ನೆಲ್ಲ ಅವನು ಎಲ್ಲಿ ಹೇಳಿಕೊಂಡಿದ್ದ? ಗೋಡೆಯ ಸಾಲುಗಳು ನಿಧಾನವಾಗಿ ಮೇಲೆ ಸರಿದವು.

‘ಬೆಳಗ್ಗೆ ಹೀಗೆ ಎಂದರು, ಮಧ್ಯಾಹ್ನ ಹಾಗೆ ಎಂದರು. ದೊಡ್ಡವರು ಮನೆಗೆ ಹೋದ ಮೇಲೆ ಸರಿಯಾಗಿ ಮಾಡಿದ್ದು.’

‘ದೊಡ್ಡವರಿಗೆ ಹೇಗೂ ಅರ್ಥವಾಗುವುದಿಲ್ಲ. ಭೇಷ್ ಎನ್ನಲಿ ಅಂತ ಮೂರು ಬಣ್ಣ ಹಾಕಿದ್ದೇನೆ.’

ಇಡೀ ಹಜಾರ ಗೋಣಪ್ಪನ ಕಡೆ ತಿರುಗಿತು. ಆಮೇಲೆ ಛಾವಣಿ ಹಾರಿಹೋಗುವ ಹಾಗೆ ನಕ್ಕಿತು.

“ಗೋಣಪ್ಪಾ! ನೀನೇನೋ ಇದು? ಹೊಟ್ಟೆಯೊಳಗೆ ಇಷ್ಟೆಲ್ಲ ಇಟ್ಕೊಂಡಿದ್ಯಾ?”

ಅವನು ಓಡಿಹೋಗಿ ಪರದೆಯ ಗುಂಡಿ ಆರಿಸಿದ. “ಏಯ್, ನಾನಿನ್ನೂ ಓದಿ ಮುಗಿಸಿಲ್ಲ!” ಎಂದು ಯಾರೋ ಮತ್ತೆ ಹಾಕಿದರು. ಮಾವನಿಗೆ ಫೋನ್ ಮಾಡಿದ. ಮಾವ ಮರ ನೋಡುತ್ತ ಕೂತಿದ್ದರು. ತನ್ನ ತೇಪೆಗಳನ್ನು ಎಣಿಸಿದ. ಮೂವತ್ತೊಂದು. ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಉಳಿದದ್ದು ಒಂದೇ ದಾರಿ: ಒಂದೊಂದನ್ನೇ ತೆರೆದು ಕೈಯಾರೆ ಬೇರೆ ಹೆಸರು ಬರೆಯುವುದು. ಆದರೆ ಆರನೇ ಮಹಡಿಯ ಪ್ರಸಂಗವಾದಂದಿನಿಂದ ಪಟ್ಟಿಯಲ್ಲಿ ಒಂದಕ್ಷರ ಬದಲಿಸಿದರೂ ಅಕ್ಕನ ಒಪ್ಪಿಗೆ ಬೇಕೆಂದು ನಿಯಮವಾಗಿತ್ತು. ಅವನು ಅಕ್ಕನ ಮೇಜಿನ ಮುಂದೆ ಹೋಗಿ ನಿಂತ. ಅಕ್ಕ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

“ಅದನ್ನ ಓದು,” ಎಂದರು.

‘ಅಕ್ಕ ಕನ್ನಡಕ ಒರೆಸಿಕೊಂಡರೆ ಇದರಲ್ಲಿ ಮೂರು ತಪ್ಪು ಸಿಗುತ್ತವೆ. ಒರೆಸಿಕೊಳ್ಳುವುದಿಲ್ಲ.’

“ಅಕ್ಕಾ...”

“ನಿಂದೇ ತಾನೇ?”

ಅವನು ತಲೆಯಾಡಿಸಿದ.

ಅಕ್ಕ ಕನ್ನಡಕ ತೆಗೆದರು. ಸೀರೆಯ ಸೆರಗಿನಿಂದ ಒರೆಸಿದರು. ಎಡಗಾಜು, ಬಲಗಾಜು, ಮತ್ತೆ ಎಡಗಾಜು. ಒಂದೊಂದು ಸುತ್ತಿಗೂ ಗೋಣಪ್ಪನ ಒಂದು ನಿಮಿಷ ಸತ್ತಿತು. “ಮೂರು ತಪ್ಪು ಎಲ್ಲಿವೆ ತೋರಿಸು. ಆಮೇಲೆ ಒಪ್ಪಿಗೆ.”

ತೋರಿಸಿದ. ಅಕ್ಕ ನಾಲ್ಕನೆಯದನ್ನು ತಾವೇ ಹುಡುಕಿದರು. ಅದರಿಂದ ಅವರ ಮನಸ್ಸು ಸ್ವಲ್ಪ ತಂಪಾಯಿತು. “ಕೂತ್ಕೋ. ಬೇಗ ಬೇಗ ಕಳಿಸು.”

ಅವನ ಬೆರಳುಗಳು ಹೊಲಿಗೆ ಯಂತ್ರದ ಸೂಜಿಯ ಹಾಗೆ ಓಡಿದವು. ಬೈಗುಳ ಹೋಗಿ ‘ಬಾಗಿಲು ಮುಚ್ಚುವ ವೇಗ ತಗ್ಗಿಸಿದ್ದು’ ಬಂತು. ವ್ಯಂಗ್ಯ ಹೋಗಿ ‘ತೂಕದ ಮಿತಿ ಸರಿಪಡಿಸಿದ್ದು’ ಬಂತು. ಒಂಬತ್ತು ಮುಗಿಯುವಷ್ಟರಲ್ಲಿ ಸಲಹೆ ಬಂದು ಭುಜ ಅಲುಗಿಸಿದ.

“ನಂದು ನಾಲ್ಕಿವೆ. ಮೊದಲು ಅವನ್ನ ಮಾಡು.”

“ನಂದಿನ್ನೂ ಇಪ್ಪತ್ತೆರಡಿದೆ...”

“ಹಳೇದಕ್ಕೂ ಹೆಸರಿಡಿಸಿದ್ದು ಯಾರು? ನಾನಾ?”

“ನೀವೇ ಹೇಳಿದ್ದಲ್ವಾ?”

“ನಾನು ಹೇಳಿದ್ದು ಸಲಹೆ ಕಣಯ್ಯ. ಮಾಡಿದ್ದು ನೀನು.”

ಕುತ್ತಿಗೆ ಮತ್ತೆ ಆಡಿತು. ಸಲಹೆಯ ನಾಲ್ಕನ್ನೂ ಸಲಹೆಯ ಖಾತೆಯಿಂದಲೇ ಬದಲಿಸಿಕೊಟ್ಟು ಬರುವಷ್ಟರಲ್ಲಿ ಎರಡೂ ಮುಕ್ಕಾಲು.

ಮೂರಕ್ಕೆ ಹೆಂಡತಿಯ ಫೋನ್. “ಸಿಕ್ತಾ?”

“ನಾಲ್ಕಕ್ಕೆ.”

“ಯಾಕೆ ಏದುಸಿರು ಬಿಡ್ತಿದ್ದೀರಿ? ನಾನಾಗ್ಲೇ ಪರದೆ ಬಿಚ್ಚಿ ಒಗೆದು ಹಾಕ್ಬಿಟ್ಟೆ ಕಣ್ರೀ. ಅಣ್ಣ ಆ ಜಾಗದಲ್ಲಿ ಕುರ್ಚಿ ಇಟ್ಕೊಂಡು ಕೂತೂಬಿಟ್ಟ.”

“ಪರದೆ ಬಿಚ್ಚಿದ್ಯಾ?”

“ಇನ್ನೇನು ಹೋಗ್ತೀವಲ್ಲ! ಪತ್ರ ಕೈಗೆ ಬಂದ ಕೂಡ್ಲೇ ಹೊರಡಿ. ದಾರೀಲಿ ಯಾರ ಹತ್ರಾನೂ ಮಾತಾಡ್ತಾ ನಿಲ್ಬೇಡಿ.”

ಮೂರೂವರೆಗೆ ಇಪ್ಪತ್ತೆರಡು ಮುಗಿದವು. ಮೂರು ನಲವತ್ತೈದಕ್ಕೆ ಇಪ್ಪತ್ತೇಳು. ನಗು ತೀರಿದ ಹಜಾರದಲ್ಲಿ ಈಗ ಜಗಳ ಶುರುವಾಗಿತ್ತು. ಯಾರದನ್ನು ನೋಡಿ ಯಾರು ಬರೆದರೆಂದು ಇಬ್ಬರು ಎದ್ದು ನಿಂತಿದ್ದರು. ಗೋಣಪ್ಪನಿಗೆ ಏನೂ ಕೇಳಿಸುತ್ತಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮೂವತ್ತು. ಬಾಗಿಲಾಚೆ ದೊಡ್ಡವರ ಧ್ವನಿ. ಅವನು ಕೊನೆಯದನ್ನು ಬರೆದ, “ಅಕ್ಕಾ!” ಎಂದ, ಅಕ್ಕ ಒತ್ತಿದರು, ಬಾಗಿಲು ತೆರೆಯಿತು.

ಮೂವತ್ತೊಂದು.

ದೊಡ್ಡವರು ಕಪ್ಪು ಕನ್ನಡಕ ಹಾಕಿದ್ದರು. ಒಂದು ಕೈ ಕಾರ್ಖಾನೆಯ ಮೇಡಂನ ತೋಳಿನ ಮೇಲಿತ್ತು. ಎದುರಿಗಿದ್ದ ಕುರ್ಚಿಗೆ ಎಡವಿದರು.

“ಯಾರಪ್ಪ ಇದು?” ಎಂದು ಕುರ್ಚಿಯನ್ನು ಕೇಳಿದರು.

“ಸಾರ್, ಏನಾಯ್ತು?”

“ಏನಿಲ್ಲ, ಕಣ್ಣಿನ ಡಾಕ್ಟರ ಹತ್ರ ಹೋಗಿದ್ದೆ. ಹನಿ ಹಾಕಿದ್ದಾರೆ. ರಾತ್ರಿವರೆಗೂ ಎಲ್ಲ ಮಂಜು. ಗೋಡೆ ಯಾವುದು, ಪಟ್ಟಿ ಯಾವುದು ಒಂದೂ ಕಾಣಲ್ಲ.”

ಗೋಣಪ್ಪ ಗೋಡೆ ನೋಡಿದ, ಆ ಕಪ್ಪು ಕನ್ನಡಕ ನೋಡಿದ. ಮೂರು ಗಂಟೆಯ ಕಾಲ ತಾನು ಯಾರ ಕಣ್ಣಿಗೆ ಹೆದರಿ ಬೆವರಿದನೋ ಆ ಕಣ್ಣಿಗೆ ಇವತ್ತು ಆನೆಯೂ ಕಾಣಿಸುತ್ತಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆದರೂ ಎದೆಯ ಭಾರ ಇಳಿಯಿತು.

“ಎಲ್ಲಿ ನಮ್ಮ ಗೋಣಪ್ಪ?” ಎಂದರು ದೊಡ್ಡವರು, ಸಲಹೆಯ ಕಡೆ ಕೈ ಚಾಚಿ. ಗೋಣಪ್ಪ ಬಂದು ಆ ಕೈಯ ಕೆಳಗೆ ನಿಂತ. “ಮೇಡಂ, ಈ ಹುಡುಗನ ಬಗ್ಗೇನೇ ದಾರಿಯುದ್ದಕ್ಕೂ ಹೇಳ್ತಾ ಬಂದದ್ದು. ಲಿಫ್ಟ್ ರಗಳೆ ಆದ್ಮೇಲೆ ನಮ್ಮ ಮಾವಂಗೆ ಹೇಳಿ ಒಂದು ಏರ್ಪಾಡು ಮಾಡಿಸಿದ್ದೆ. ಯಾರಾದ್ರೂ ಕೈಯಾರೆ ಒಂದು ಹೆಸರು ಬದಲಾಯಿಸಿದ್ರೆ, ಹಳೇದು ಇದು, ಹೊಸದು ಇದು ಅಂತ ನನ್ನ ಫೋನಿಗೊಂದು ಮೇಲ್ ಬರಬೇಕು. ಇವತ್ತು ಡಾಕ್ಟರ ಹತ್ರ ಕೂತಿದ್ದೀನಿ, ಟಿಂಗ್ ಟಿಂಗ್ ಅಂತ ಒಂದೇ ಸಮ! ಯಾರದ್ದಮ್ಮ ಅಂತ ನರ್ಸನ್ನ ಕೇಳಿದ್ರೆ, ಹೆಚ್ಚೂಕಡಿಮೆ ಪ್ರತಿ ಸಲ ಇವನ ಹೆಸರೇ. ಇಪ್ಪತ್ತೋ ಮೂವತ್ತೋ!”

“ಮೂವತ್ತೊಂದು,” ಎಂದ ಸಲಹೆ.

“ನೋಡಿ! ಊಟ ಮಾಡಿದ್ನೋ ಇಲ್ವೋ. ಯಂತ್ರ ಇಟ್ಟ ಹೆಸರು ಸಾಲದು ಅಂತ ಒಂದೊಂದನ್ನೂ ಕೂತು ತಿದ್ದಿದ್ದಾನೆ. ಅಕ್ಕ, ಇದನ್ನ ಗೋಡೆಗೆ ಹಾಕಿ.” ಅವರು ಫೋನನ್ನು ಗಾಳಿಗೆ ನೀಡಿದರು. “ಮೊದಲಿನಿಂದ ಹಾಕಿ. ಎಲ್ಲರೂ ಕಲೀಲಿ.”

ಅಕ್ಕ ಫೋನ್ ತೆಗೆದುಕೊಂಡು ಗೋಣಪ್ಪನನ್ನು ನೋಡಿದರು. ಅವರ ಮುಖದಲ್ಲಿ ಕರುಣೆಯಿತ್ತು, ಕುತೂಹಲವೂ ಇತ್ತು. ಕರುಣೆ ಬಹಳ ಹೊತ್ತು ನಿಲ್ಲಲಿಲ್ಲ.

“ಸಾರ್, ಇವತ್ತು ಬೇಡ,” ಎಂದ ಗೋಣಪ್ಪ. ಆ ಹಜಾರದಲ್ಲಿ ಅವನು ಬೇಡ ಎಂದದ್ದು ಅದೇ ಮೊದಲು. “ನಿಮ್ಮ ಕಣ್ಣು...”

“ನನ್ನ ಕಣ್ಣು ಯಾಕೆ? ನೀನೇ ಓದು. ಸಹಿ ಹಾಕೋಕೂ ಕಣ್ಣು ಬೇಡ.” ಅವರು ಚೀಲ ತಡಕಿ ಪತ್ರ ತೆಗೆದು ಮೇಜಿನ ಮೇಲೆ ಹರಡಿದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಮೇಡಂ ಅವರ ಕೈ ಹಿಡಿದು ಸಹಿಯ ಜಾಗದ ಮೇಲೆ ತಂದಿಟ್ಟರು. “ಹೂಂ, ಓದು. ನಾಚ್ಕೋಬೇಡ.”

ಗೋಡೆಯ ತುಂಬ ಮೊದಲನೆಯ ಮೇಲ್ ಮೂಡಿತು. ಗೋಣಪ್ಪ ಮಧ್ಯಾಹ್ನ ಎಲ್ಲಕ್ಕಿಂತ ಕೆಟ್ಟದ್ದನ್ನೇ ಮೊದಲು ಆರಿಸಿ ಬದಲಿಸಿದ್ದ.

“ಹೊಸ ಹೆಸರು,” ಎಂದು ಅವನು ಶುರುಮಾಡಿದ. “ಮೇಲಿನ ಮಹಡಿಯ ದೀಪ ಸರಿಪಡಿಸಿದ್ದು.”

“ಚೆನ್ನಾಗಿದೆ!” ಎಂದರು ದೊಡ್ಡವರು.

“ಅದರ ಮೇಲೆ ಇನ್ನೊಂದು ಸಾಲಿದೆಯಲ್ಲ?” ಎಂದರು ಕಾರ್ಖಾನೆಯ ಮೇಡಂ. ಅವರ ಕಣ್ಣು ಬಲು ಚುರುಕು. “ಹಳೆಯ ಹೆಸರು. ಅದನ್ನ ಬಿಟ್ಟುಬಿಟ್ರಿ.”

“ಹೌದಪ್ಪ, ಹಳೇದನ್ನ ಓದದೆ ಹೊಸದು ಎಷ್ಟು ಚೆನ್ನಾಗಿದೆ ಅಂತ ಹೇಗೆ ಗೊತ್ತಾಗ್ಬೇಕು? ಓದು, ಓದು.”

ಗೋಣಪ್ಪ ಬಾಗಿಲ ಕಡೆ ನೋಡಿದ. ಬಾಗಿಲಿಗೆ ಅಡ್ಡವಾಗಿ ಸಲಹೆ ನಿಂತಿದ್ದ.

“ಹಳೆಯ ಹೆಸರು,” ಎಂದ. ಆಮೇಲೆ ಕಣ್ಣು ಮುಚ್ಚಿಕೊಂಡು, ಗೋಡೆ ನೋಡದೆಯೇ, ಬಾಯಿಪಾಠ ಒಪ್ಪಿಸುವವನ ಹಾಗೆ ಹೇಳಿಬಿಟ್ಟ: “ದೊಡ್ಡವರ ತಲೆಯೂ ಲಿಫ್ಟಿನ ಹಾಗೆಯೇ. ಮೇಲೆ ಬರುವಷ್ಟರಲ್ಲಿ ಖಾಲಿ.”

ಮೇಡಂ ಕೈವಸ್ತ್ರ ತೆಗೆದು ಜೋರಾಗಿ ಕೆಮ್ಮತೊಡಗಿದರು.

ದೊಡ್ಡವರು ಪೆನ್ನಿನ ಮುಚ್ಚಳ ತಡಕಿದರು. ಸಿಕ್ಕಿತು. ನಿಧಾನವಾಗಿ ಹಾಕಿ, ಟಿಕ್ಕೆಂದು ಒತ್ತಿದರು. ಕುರ್ಚಿ ಎಳೆದುಕೊಂಡು, ಎರಡೂ ಕೈ ಕಟ್ಟಿ, ಆರಾಮವಾಗಿ ಒರಗಿ ಕೂತರು.

“ಮುಂದಿನದು,” ಎಂದರು.